ರಾಘಣ್ಣನ ಗಂಗೆ, ವಿಲಾಯತಿಯ ನೀರು

ಸವಣೂರಿನ ಹನುಮಪ್ಪನ ಗುಡಿಯಲ್ಲಿ ಚಾತುರ್ಮಾಸ್ಯ ಬಂತೆಂದರೆ ಸಂಜೆಯ ಹೊತ್ತು ರಾಘಣ್ಣನದು. ಪುರಾಣ ಹೇಳುವ ಆ ಮಣೆ ಅವನಿಗೆ ಅಪ್ಪನಿಂದ ಬಂದದ್ದು. ಗಂಗಾವತರಣದ ದಿನವಂತೂ ಗುಡಿಯ ಹೊರಗೆ ವೀಳ್ಯದೆಲೆ ಮಾರುವ ಮಕ್ತುಮಸಾಬ ಕೂಡ ಬುಟ್ಟಿಗೆ ಒದ್ದೆ ಅರಿವೆ ಮುಚ್ಚಿ, ಗೋಡೆಗೆ ಆತು ಕೂತು ಕೇಳುತ್ತಿದ್ದ. ಒಳಗೆ ಕೂತವರಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರು, ಸುಳ್ಳೇಕೆ ಹೇಳಬೇಕು. ಆದರೆ ಪುರಾಣದಲ್ಲಿ ತೂಕಡಿಸಿದರೆ ನಮ್ಮಲ್ಲಿ ಪಾಪವಿಲ್ಲ, ಮನೆಯಲ್ಲಿ ತೂಕಡಿಸುವುದಕ್ಕಿಂತ ಅದು ಮೇಲೇ. ರಾಘಣ್ಣ ಅದನ್ನು ಎಂದೂ ಮನಸ್ಸಿಗೆ ಹಚ್ಚಿಕೊಂಡವನಲ್ಲ.

೧೯೩೬ರ ಮಳೆಗಾಲದಲ್ಲಿ ಅವನ ಅಕ್ಕ ಭಾಗೀರಥಿಬಾಯಿಯ ಮಗ ಪ್ರಹ್ಲಾದ ವಿಲಾಯತಿಯಿಂದ ತಿರುಗಿ ಬಂದ. ಮಾಸ್ತರಿಕೆಯ ದೊಡ್ಡ ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದ. ಚಿಕ್ಕವನಿದ್ದಾಗ ಇದೇ ಹುಡುಗ ಮಾಮನ ಪುರಾಣದ ಮಣೆಗೆ ಒರಗಿ, ಕಲ್ಲುಸಕ್ಕರೆ ಚೀಪುತ್ತ ಸಂಜೆ ಕಳೆದವನು. ಈಗ ಸಮುದ್ರ ದಾಟಿದ ದೋಷಕ್ಕೆ ಪಂಚಗವ್ಯ ಕುಡಿಸಿದವನೂ ರಾಘಣ್ಣನೇ. ಒಂದು ಸೌಟು ಹೆಚ್ಚಿಗೇ ಕುಡಿಸಿದ ಎಂದು ಊರವರು ನಕ್ಕರು.

ಪ್ರಾಯಶ್ಚಿತ್ತ ಮುಗಿದದ್ದೇ ತಡ, ಅಕ್ಕನ ಮನೆಯ ಪಡಸಾಲೆಯಲ್ಲಿ ಸಂಜೆಗೆ ಮಂದಿ ಕೂಡತೊಡಗಿದರು. ಪ್ರಹ್ಲಾದ ರಜೆಯಲ್ಲಿ ಇಂಗ್ಲೆಂಡಿನ ಬಡಗಣ ಗುಡ್ಡಗಾಡಿಗೆ ಹೋಗಿ, ಕೈಯಲ್ಲೊಂದು ಕೋಲು ಹಿಡಿದು, ಬೆನ್ನಿಗೆ ರೊಟ್ಟಿಯ ಚೀಲ ಕಟ್ಟಿಕೊಂಡು, ಜಲಪಾತ ನೋಡುತ್ತ ತಿರುಗಿದ್ದನಂತೆ. ಆ ಸೀಮೆಯವರು ಜಲಪಾತಕ್ಕೆ ಫೋರ್ಸ್ ಎನ್ನುತ್ತಾರಂತೆ. ಏರಾ ಫೋರ್ಸ್, ಸ್ಕೇಲ್ ಫೋರ್ಸ್ ಎಂಬ ಹೆಸರುಗಳು ತುಳಸಿಕಟ್ಟೆ ಸುತ್ತುವ ಮುದುಕಿಯರ ಬಾಯಲ್ಲೂ ಕೇಳಿಬಂದವು. ನಮ್ಮದು ಬಯಲು. ನೀರೆಂದರೆ ಬಾವಿಯೊಳಗಿಂದ ಮೇಲಕ್ಕೆ ಬರಬೇಕು. ಮೇಲಿಂದ ಕೆಳಗೆ ಬೀಳುವ ನೀರನ್ನು ಕಂಡವರು ಯಾರಿದ್ದರು?

ಗುಡಿ ತೆರವಾಗುತ್ತ ಬಂತು. ಮೊದಲು ಗಂಡಸರು ಹೋದರು, ಆಮೇಲೆ ಬತ್ತಿ ಹೊಸೆಯುವ ಹೆಂಗಸರು. ಕೊನೆಗೆ ತೂಕಡಿಸುವವರೂ ಹೋದರು. ರಾಘಣ್ಣನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದಕ್ಕೇ. ಅಲ್ಲಿ ಅವರು ಕಣ್ಣು ಬಿಟ್ಟುಕೊಂಡು ಕೇಳುತ್ತಾರಂತೆ!

"ನೀನೂ ಒಂದಿನ ಬಾರೋ, ಛಲೋ ಹೇಳ್ತಾನ" ಎಂದಳು ಅಕ್ಕ.

"ಮ್ಲೇಚ್ಛರ ನೀರಿನ ಕಥಿ ಕೇಳಿ ನನಗೇನ ಮೋಕ್ಷ ಸಿಗೂದೈತಿ? ನಾ ಒಲ್ಲೆ" ಎಂದ ರಾಘಣ್ಣ.

ಅದು ಹೊಟ್ಟೆಕಿಚ್ಚು. ಧರ್ಮ, ಮಡಿ ಎಂದು ಅದಕ್ಕೆ ಬೇರೆ ಹೆಸರಿಡುವುದು ಬೇಡ. ಉಣ್ಣುವಾಗ ಹೆಂಡತಿ ಯಮುನಾಬಾಯಿ ನೀರಿನ ತಂಬಿಗೆ ಮುಂದಿಟ್ಟರೂ ಸಿಟ್ಟು ಬರುತ್ತಿತ್ತು. ಊರಿಗೆ ಊರೇ ನೀರು ನೀರು ಎಂದು ಬಡಬಡಿಸುತ್ತಿತ್ತಲ್ಲ.

ಅಷ್ಟರಲ್ಲಿ ಗುಡಿಯ ಹಿರಿಯ ನರಸಿಂಹಾಚಾರ ಬಂದು ಉರಿಯುವ ಬೆಂಕಿಗೆ ತುಪ್ಪ ಸುರಿದ.

"ರಾಘಣ್ಣ, ಪಡಸಾಲಿ ಮಂದಿಗೆ ಸಾಲವಲ್ದು. ನಾಳೆ ಗಂಗಾವತರಣ ಮುಗಿಸಿಬಿಡು. ನಾಡದ್ದರಿಂದ ಸಂಜಿ ಹೊತ್ತು ಪ್ರಹ್ಲಾದ ಇಲ್ಲೇ ಗುಡಿಯಾಗ ಹೇಳ್ಲಿ. ನೀ ಮಧ್ಯಾಹ್ನ ಊಟಾದ ಮ್ಯಾಲೆ ಹೇಳು."

ಊಟವಾದ ಮೇಲೆ ಗುಡಿಗೆ ಬರುವವರು ಮಂಗಗಳು ಮಾತ್ರ. ಅಪ್ಪನಿಂದ ಬಂದ ಹೊತ್ತು ತನ್ನ ಕಾಲಕ್ಕೆ ಕೈಬಿಟ್ಟು ಹೋಗುತ್ತದೆ, ಅದೂ ತಾನು ಎತ್ತಿ ಆಡಿಸಿದ ಹುಡುಗನಿಗೆ, ಎಂದು ರಾಘಣ್ಣ ಒಳಗೇ ಬೆಂದ.

ಮರುದಿನ ಸಂಜೆ ಪುಸ್ತಕದ ಗಂಟು ಬಿಚ್ಚಿದಾಗ ಎದುರಿಗಿದ್ದವರು ಪೂಜಾರಿ ಮತ್ತು ಯಮುನಾಬಾಯಿ. ಹೊರಗೆ ನೋಡಿದರೆ ಮಕ್ತುಮಸಾಬನೂ ಇಲ್ಲ, ಗೋಡೆಯ ಬುಡದಲ್ಲಿ ಅವನ ಬುಟ್ಟಿ ಇಳಿಸಿದ ಹಸಿಗುರುತಷ್ಟೇ ಇತ್ತು. ಗಂಗಾವತರಣದ ದಿನವೂ ಅವನು ಇಲ್ಲ! ರಾಘಣ್ಣ ಗಂಟು ಕಟ್ಟಿದ. ಶಲ್ಯ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಅಕ್ಕನ ಮನೆಯತ್ತ ನಡೆದ. ಹುಡುಗನ ಮಾತಿನಲ್ಲಿ ಒಂದಾದರೂ ಹುಳುಕು ಹಿಡಿದು, ನಾಲ್ಕು ಮಂದಿಯ ಎದುರಿಗೆ ಅವನ ನೀರಿಳಿಸಬೇಕೆಂದೇ ಹೋದ.

ಪಡಸಾಲೆ ಕಿಕ್ಕಿರಿದಿತ್ತು. ರಾಘಣ್ಣ ಬಾಗಿಲ ಮರೆಯಲ್ಲಿ ನಿಂತ. ಒಳಗಿಂದ ಪ್ರಹ್ಲಾದನ ದನಿ ಬಂತು:

"ಮ್ಯಾಲಿಂದ ಆ ನೀರು ಬೀಳೂದು ನೋಡಿದ್ರ, ಪಂಚಮಿಗೆ ಹುರಿದ ಜ್ವಾಳದ ಅಳ್ಳು ಮೊರದಿಂದ ಸುರುವಿದಂಗ! ಬೆಳ್ಳಗ, ಹಗುರಾಗಿ, ಒಂದರ ಮ್ಯಾಲೊಂದು ಉರುಳಿಕೋತ. ಕೆಳಗ ಕಲ್ಲುಬಂಡಿ ಎದಿ ಕೊಟ್ಟು ನಿಂತಾವ, ಬಾ ತಾಯಿ, ನನ್ನ ಮ್ಯಾಲೆ ಬೀಳು ಅಂತ!"

ರಾಘಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವು ತನ್ನವೇ ಮಾತುಗಳು. ಭಾಗವತದಲ್ಲಿಲ್ಲ, ಟೀಕೆಯಲ್ಲಿಲ್ಲ. ಮದುವೆಯಾದ ಹೊಸತರಲ್ಲಿ ಯಮುನಾಬಾಯಿ ಮೊರದಿಂದ ಜೋಳದ ಅರಳು ಸುರಿಯುವುದನ್ನು ನೋಡಿ ಅವನಿಗೆ ಹೊಳೆದದ್ದು ಅದು. ಅಂದಿನಿಂದ ವರ್ಷಾ ವರ್ಷಾ ಗಂಗೆ ಹಾಗೆಯೇ ಇಳಿಯುತ್ತಿದ್ದಳು. ಕಲ್ಲುಸಕ್ಕರೆ ಚೀಪುತ್ತಿದ್ದ ಹುಡುಗ ಅದನ್ನೂ ಚೀಪಿಕೊಂಡು ಹೋಗಿದ್ದಾನೆ!

'ಕಳ್ಳ' ಎಂಬ ಮಾತು ನಾಲಗೆಯ ತುದಿಗೆ ಬಂತು. ಅದೊಂದನ್ನು ಆಡಿದರೆ ನಾಳೆಯ ಸಂಜೆ ಮತ್ತೆ ತನ್ನದು. ಹೊಸ್ತಿಲ ಮೇಲೆ ಕಾಲಿಟ್ಟ. ಆಗ ಒಳಗಿನ ಮುಖಗಳು ಕಂಡವು. ಅಳ್ಳಿನ ಮಾತು ಬಂದಾಗ ಪ್ರತಿ ವರ್ಷ ಗೊರಕೆ ಹೊಡೆಯುವ ನರಸಿಂಹಾಚಾರ ಈಗ ಬಾಯಿ ತೆರೆದುಕೊಂಡು ಕೂತಿದ್ದ. ಮಕ್ತುಮಸಾಬನ ಎಲೆಗಳು ಬಾಡುತ್ತಿದ್ದವು, ಅವನಿಗೆ ಖಬರಿರಲಿಲ್ಲ. ಇದು ನನ್ನ ಮಾತು ಎಂದರೆ ಇವರು ಏನೆಂದಾರು? 'ನೀ ಹೇಳಿದಾಗ ನಮಗ್ಯಾಕ ಕಾಣಲಿಲ್ಲ?' ಎಂದಾರು. ಹಿತ್ತಲ ಗಿಡ ಮದ್ದಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ತಾನೇ ಹಿತ್ತಲ ಗಿಡವಾಗಿ ನಿಂತಿದ್ದ. ಇಷ್ಟು ದಿನ ಪರರ ಸೊತ್ತಿಗೆ ಉರಿದಿದ್ದ. ಈಗ ತನ್ನದೇ ಸೊತ್ತಿಗೆ ಉರಿಯಬೇಕಾಯಿತು, ಮತ್ತು ಈ ಉರಿ ಹೆಚ್ಚಿನದು.

ಆಗ ಭಾಗೀರಥಿಬಾಯಿ ಮಗನನ್ನು ಕೇಳಿದಳು: "ಅಷ್ಟೆಲ್ಲಾ ನೀರು ಬಿದ್ದು ಮುಂದ ಎಲ್ಲಿ ಹೋಗ್ತೈತೋ?"

ಪ್ರಹ್ಲಾದ ತಡವರಿಸಿದ. ಮಾಮನ ಕಥೆಯಲ್ಲಿ ಆ ನೀರು ಶಿವನ ಜಡೆಗೆ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಶಿವನನ್ನು ಎಲ್ಲಿಂದ ತರಬೇಕು?

"ಅದು... ಮುಂದ ಒಂದು ಸಣ್ಣ ಸೇತುವಿ ಐತಿ. ಅದರ ಕೆಳಗ ಹರಿದು..."

ಮಂದಿಯ ಮುಖ ಸಪ್ಪಗಾಯಿತು. ಯಾರೋ ಆಕಳಿಸಿದರು. ರಾಘಣ್ಣನಿಗೆ ಖುಷಿಯಾಗಬೇಕಿತ್ತು, ಒಂದು ಗಳಿಗೆ ಆಯಿತು ಕೂಡ. ಆದರೆ ಮುಗ್ಗರಿಸಿದ ಕಥೆಯನ್ನು ನೋಡುತ್ತ ಸುಮ್ಮನಿರುವುದು ಪುರಾಣಿಕನ ಕೈಲಾಗದು. ಅದೂ ತನ್ನದೇ ಗಂಗೆ, ನಡುದಾರಿಯಲ್ಲಿ ನಿಂತಿದ್ದಾಳೆ.

"ಎಲ್ಲಿ ಹೋಗ್ತೈತಿ ಅಂತ ನಾ ಹೇಳ್ತೇನಿ ಕೇಳ್ರಿ" ಎನ್ನುತ್ತ ಒಳಗೆ ಬಂದ. "ಸೊಕ್ಕಿಲೆ ಬಿದ್ದ ನೀರು ಅದು. ಗುಡ್ಡ ಅದನ್ನ ತನ್ನ ಜಡಿಯಾಗ ಸುತ್ತಿಕೊಂಡುಬಿಡ್ತೈತಿ. ಹುಲ್ಲಿನಾಗ, ಬೇರಿನಾಗ, ಕಲ್ಲಿನ ಸಂದ್ಯಾಗ. ಬಿಡೋ ಅಂತ ಅಳ್ತೈತಿ. ಬಿಡೂದಿಲ್ಲ. ಸೊಕ್ಕು ಇಳಿದ ಮ್ಯಾಲೆ ಒಂದ ಎಳಿ ಬಿಡ್ತೈತಿ, ಒಂದ ಎಳಿ. ಕುರಿಮರಿ ಬಾಯಿ ಹಚ್ಚಿ ಕುಡಿಯೂವಷ್ಟು!"

ನಿಂತುಕೊಂಡೇ ಹೇಳಿದ. ಯಾರೋ ದೀಪ ತಂದಿಟ್ಟದ್ದೂ ಅವನಿಗೆ ತಿಳಿಯಲಿಲ್ಲ. ಹೊಟ್ಟೆಯೊಳಗಿದ್ದ ಉರಿಯೆಲ್ಲ ಮಾತಾಗಿ ಬಂತು.

"ವಾಹ್!" ಎಂದ ಮಕ್ತುಮಸಾಬ.

"ಸಂಜಿ ಹೊತ್ತು ನಿನಗ ಇರ್ಲಿ ರಾಘಣ್ಣ" ಎಂದ ನರಸಿಂಹಾಚಾರ.

ಪ್ರಹ್ಲಾದ ಎದ್ದು ಬಂದು ಕಾಲಿಗೆ ಬಿದ್ದ. ಏಳುವಾಗ ಮಾಮನಿಗಷ್ಟೇ ಕೇಳುವಂತೆ, "ನಾ ಹ್ವಾದಾಗ ಅಲ್ಲಿ ನೀರು ಎತ್ತಿನ ಬಾಲದಷ್ಟ ಇತ್ರಿ ಮಾಮಾ. ನಮ್ಮ ಮಾಸೂರ ಕೆರಿ ಕೋಡಿ ಬಿದ್ದಷ್ಟೂ ಇದ್ದಿದ್ದಿಲ್ಲ. ಮಂದಿ ಕೇಳಿದ್ರು, ನಿಮ್ಮ ಗಂಗಿನೇ ನನ್ನ ಬಾಯಿಗೆ ಬಂದ್ಲು" ಎಂದ. ರಾಘಣ್ಣನ ಎದೆ ಸ್ವಲ್ಪ ಮೆತ್ತಗಾಯಿತು.

ಅಷ್ಟರಲ್ಲಿ ಭಾಗೀರಥಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನೋಡ್ರಿ, ನಮ್ಮ ಪ್ರಹ್ಲಾದನ ಮಾತು ಬಾಗಲಾಗ ನಿಂತು ಕೇಳಿದ್ದಕ್ಕ ನಮ್ಮ ರಾಘಣ್ಣಗೂ ಪುರಾಣ ಹೇಳಾಕ ಬಂತು!"

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಪ್ರಹ್ಲಾದ ನಿಜ ಹೇಳಲು ಬಾಯಿ ತೆರೆದ. ರಾಘಣ್ಣ ಅವನ ಭುಜ ಅದುಮಿದ. "ಸುಮ್ನಿರು. ನಿನ್ನ ದೊಡ್ಡತನ ಅಂತ ಮತ್ತ ನಿನ್ನನ್ನ ಹೊಗಳ್ತಾರ" ಎಂದ.

ಮರುದಿನ ಸಂಜೆ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ತುಮಸಾಬ ಗೋಡೆಗೆ ಆತು ಕೂತಿದ್ದ. ರಾಘಣ್ಣ ಗಂಗೆಯನ್ನು ಮತ್ತೆ ಮೊದಲಿನಿಂದ ಇಳಿಸಿದ. ಅಳ್ಳಿನ ಮಾತು ಬಂದಾಗ ಒಬ್ಬರೂ ತೂಕಡಿಸಲಿಲ್ಲ. ಆದರೆ ಮಣೆಯ ಪಕ್ಕ, ತನ್ನ ಹಳೆಯ ಜಾಗದಲ್ಲಿ, ಪ್ರಹ್ಲಾದ ತಲೆ ತಗ್ಗಿಸಿ ಕೂತಿದ್ದ. ಮಂದಿ ನಡುನಡುವೆ ಅವನ ಮುಖ ನೋಡುತ್ತಿದ್ದರು, ಮಾಮ ಸರಿಯಾಗಿ ಹೇಳುತ್ತಿದ್ದಾನೋ ಇಲ್ಲವೋ ಎಂದು.