ಶ್ಯಾಮಲಮ್ಮನ ಸೆಂಟು

ಮದುವೆಯಾಗಿ ಬೈರಕೂರಿಗೆ ಬಂದ ದಿನವೇ ಅತ್ತೆ ಶ್ಯಾಮಲಮ್ಮ ನನ್ನನ್ನು ಹೊಸ್ತಿಲಲ್ಲಿ ತಡೆದಿದ್ದರು. "ಸೆಂಟು ಹೊಡ್ಕೊಂಡಿದ್ದೀಯಲ್ಲಮ್ಮ ದಿವ್ಯ, ಹುಳಕ್ಕೆ ಆಗಲ್ಲ. ಸ್ನಾನ ಮಾಡ್ಕೊಂಡು ಬಾ." ರೇಷ್ಮೆಹುಳು ಸಾಕುವ ಮನೆಯಲ್ಲಿ ಘಮಘಮ ಎನ್ನುವುದೇನೂ ಇರಕೂಡದು, ಹುಳು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ಗೊತ್ತಿದ್ದರೂ ನನಗೆ ಮೈಯೆಲ್ಲ ಉರಿಯಿತು. ಈ ಹೆಂಗಸಿಗೆ ಒಳ್ಳೆಯ ವಾಸನೆಯ ಆಸೆಯೇ ಇಲ್ಲ ಎಂದುಕೊಂಡೆ.

ಹೋದ ಭಾನುವಾರ ಆ ತೀರ್ಮಾನ ಮಗುಚಿಬಿತ್ತು. ಬೆಳೆದ ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋಗಿತ್ತು, ಹೊಸ ಹುಳು ಮರುದಿನ ಬರುವುದಿತ್ತು. ಅತ್ತೆ ಟ್ರಂಕಿನ ತಳದಿಂದ ಪುಟ್ಟ ನೀಲಿ ಬಾಟಲಿ ತೆಗೆದು ತೋರಿಸಿದರು. ಮದುವೆಯ ಹೊಸದರಲ್ಲಿ ಮಾವ ಶ್ರೀನಿವಾಸಪ್ಪ ಬೆಂಗಳೂರಿನಿಂದ ತಂದದ್ದಂತೆ. ಮುಚ್ಚಳ ಒಮ್ಮೆಯೂ ತೆಗೆದಿಲ್ಲ.

"ಹುಳ ಇಲ್ದಿದ್ದಾಗ ಹಾಕ್ಕೋಬೋದಿತ್ತಲ್ಲ ಅತ್ತೆ?"

"ಆಗೆಲ್ಲ ಮನೆ ಒಳಗೇ ಸಾಕ್ತಿದ್ವಿ. ನಮ್ಮನೇಲಿ ಇಲ್ದಿದ್ರೆ ಪಕ್ಕದ ಮನೇಲಿ ಇರ್ತಿತ್ತು. ಈ ವರ್ಷ ತಾನೇ ಎಲ್ರೂ ತೋಟದಲ್ಲಿ ಶೆಡ್ ಕಟ್ಕೊಂಡಿದ್ದು. ನಿಮ್ಮ ಮಾವನಿಗೆ ಒಂದ್ಸಲನಾದ್ರೂ ಹಾಕ್ಕೊಂಡು ತೋರಿಸ್ಬೇಕು ಕಣಮ್ಮ. ವಾಸನೆ ಸತ್ತೋಗಿದ್ರೆ?"

ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಕಚ್ಚಿಕೊಂಡಿದ್ದ ಮುಚ್ಚಳ ಬಿಡಿಸಿದೆ. ಮೊದಲು ಬಂದದ್ದು ಆಸ್ಪತ್ರೆಯ ಸ್ಪಿರಿಟ್ ವಾಸನೆ. ಅತ್ತೆಯ ಮುಖ ಸಪ್ಪಗಾಯಿತು. ಅವರ ಮಣಿಕಟ್ಟಿಗೆ ಎರಡು ಹನಿ ಸವರಿ, "ಸ್ವಲ್ಪ ತಾಳಿ" ಎಂದೆ. ಮೈಬಿಸಿಗೆ ಪರಿಮಳ ಮೆಲ್ಲಗೆ ಎದ್ದಿತು: ರಾತ್ರಿ ಮುಡಿದ ಮಲ್ಲಿಗೆ ಬೆಳಗಾದ ಮೇಲೆ ಸೂಸುವ ಘಮ, ಲವಂಗ, ಹಳೇ ಫೇಸ್ ಪೌಡರು, ಎಲ್ಲದರ ಹಿಂದೆ ಗಂಧ. ಇದರ ಮುಂದೆ ನನ್ನ ಸ್ಪ್ರೇ ಬರೀ ಗಲಾಟೆ. ನನಗೆ ಹೊಟ್ಟೆಕಿಚ್ಚೇ ಆಯಿತು.

ಆಗಲೇ ಮಾವ ತೋಟದಿಂದ ಬಂದವರು ಬಾಗಿಲಲ್ಲೇ ಗದರಿದರು. "ದಿವ್ಯಾ! ನಾಳೆ ಹುಳ ಬರ್ತೈತೆ, ಸೆಂಟು ಹೊಡ್ಕೊಂಡಿದ್ದೀಯಾ?"

ಮಾಡದ ತಪ್ಪಿಗೆ ಬೈಸಿಕೊಳ್ಳುವ ಜಾತಿಯವಳಲ್ಲ ನಾನು. "ನಿಮ್ಮ ಹೆಂಡ್ತೀನ ಕೇಳಿ ಮಾವ" ಎಂದೆ.

ಅತ್ತೆ ಕೈ ಮುಂದೆ ಚಾಚಿದರು. ಮಾವ ಅದನ್ನು ಹಿಡಿದು, ಬಗ್ಗಿ ಮೂಸಿದರು. ಬಹಳ ಹೊತ್ತು ಆ ಕೈ ಬಿಡಲಿಲ್ಲ.

"ನಿಂಗೆ ಇಷ್ಟ ಆಗ್ಲಿಲ್ಲ, ಎಸೆದ್ಬಿಟ್ಟೆ ಅನ್ಕೊಂಡಿದ್ದೆ ಕಣೇ."

"ನೀವು ತಂದಿದ್ದನ್ನ ಎಸೀತೀನಾ?"

ನೀರು ತರುವ ನೆಪ ಮಾಡಿ ಎದ್ದುಹೋದೆ.

ಮರುದಿನ ಹೊಸ ಹುಳು ಬಂತು. ನಾನು ಕೆಲಸ ಮಾಡುವ ಕಂಪನಿಗೆ ರಜೆ ಹಾಕಿ ಶೆಡ್ಡಿನಲ್ಲಿ ಸೊಪ್ಪು ಹಾಕುತ್ತಿದ್ದೆ. ಅತ್ತೆ ಬಂದರು, ಸೀಗೆಕಾಯಿ ಹಾಕಿ ಮಿಂದಿದ್ದ ತಲೆ ಇನ್ನೂ ಒದ್ದೆಯಿತ್ತು. ಅವರ ಹಿಂದೆಯೇ ಸೊಪ್ಪಿನ ಹೊರೆ ಹೊತ್ತು ಮಾವ ಬಂದರು. ಅವರು ತೊಟ್ಟಿದ್ದ ನಿನ್ನೆಯದೇ ಅಂಗಿಯಿಂದ ಮಲ್ಲಿಗೆ, ಲವಂಗ, ಗಂಧ ಘಮ್ಮೆಂದಿತು.

ನಾನು ಬಾಗಿಲಿಗೆ ಅಡ್ಡ ನಿಂತೆ.

"ಹುಳಕ್ಕೆ ಆಗಲ್ಲ ಮಾವ. ಸ್ನಾನ ಮಾಡ್ಕೊಂಡು ಬನ್ನಿ."