ನಿಲ್ಲಿಸುವ ಸ್ಟ್ಯಾಂಡಿನ ಸಿಟ್ಟು

ನಾನು ಒಂದು ಮರದ ಸ್ಟ್ಯಾಂಡು. ನೂಲು ಒಣಗಿಸುವ ಸ್ಟ್ಯಾಂಡಲ್ಲ, ಮೊದಲೇ ಹೇಳಿಬಿಡುತ್ತೇನೆ. ತಾವಾಗಿ ನಿಲ್ಲಲಾರದ ಮಕ್ಕಳನ್ನು ನಿಲ್ಲಿಸುವುದು ನನ್ನ ಕೆಲಸ. ಇಳಕಲ್ಲಿನ ಬಡಿಗೇರ ಮೌನೇಶಪ್ಪ ಬೇವಿನ ಹಲಗೆಯಿಂದ ನನ್ನನ್ನು ಮಾಡಿದ. ಮಕ್ಕಳಿಗೆ ಫಿಜಿಯೋಥೆರಪಿ ಮಾಡುವ ವಸುಂಧರಾ ಮೇಡಂ ಪಕ್ಕದಲ್ಲೇ ಕೂತು, ಮೊಣಕಾಲಿಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ, ಮುಂದೆ ಆಟದ ಸಾಮಾನಿಡಲು ಹಲಗೆ ಎಂದು ಹೇಳಿ ಹೇಳಿ ಮಾಡಿಸಿದರು. ಎಲ್ಲವನ್ನೂ ಕಬ್ಬಿಣದ ಬೋಲ್ಟು ಹಾಕಿ ಬಿಗಿದರು.

ನಾನು ಹೋಗಿ ಸೇರಿದ್ದು ನೇಕಾರರ ಮನೆಗೆ. ಅಲ್ಲಿ ಮೂರು ವರ್ಷದ ನೀಲವ್ವ ಇದ್ದಳು. ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಅವಳ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಂಡಿದ್ದವು.

"ದಿನಾ ನಿಲ್ಲಿಸಬೇಕವ್ವ. ಬಿಟ್ರ ನರ ಬಿಗದು ಹಿಮ್ಮಡಿ ಮ್ಯಾಲ ಏಳತಾವ," ಎಂದು ಮೇಡಂ ಅವಳ ತಾಯಿ ಕಸ್ತೂರಿಗೆ ಹೇಳಿದ್ದರು.

ಕಸ್ತೂರಿ ಮಗಳ ಕಾಲು ನೀವಿ, ಪಟ್ಟಿ ಕಟ್ಟಿ, ಮುಂದಿನ ಹಲಗೆಯ ಮೇಲೆ ನೂಲು ಸುತ್ತಿದ ಬಣ್ಣಬಣ್ಣದ ಕಂಡಿಕೆಗಳನ್ನು ಇಡುತ್ತಿದ್ದಳು. ಮೊದಮೊದಲು ಅಳುತ್ತಿದ್ದ ಹುಡುಗಿ ಬರಬರುತ್ತಾ ಕಂಡಿಕೆ ಉರುಳಿಸಿ ಕೇಕೆ ಹಾಕತೊಡಗಿದಳು. ಅವಳ ಎರಡೂ ಹಿಮ್ಮಡಿ ನನ್ನ ಮೇಲೆ ಊರಿದ ದಿನ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಆ ಮನೆಯ ಯಜಮಾನ ನೀಲವ್ವನ ದೊಡ್ಡಪ್ಪ ಈರಸಂಗಪ್ಪ. ಮದುವೆ ಸೀರೆಗಳಿಗೆಂದು ರಾಶಿ ನೂಲು ಬಂದಾಗ ಬಣ್ಣಕ್ಕದ್ದಿದ ಒದ್ದೆ ನೂಲಿನ ಲಡಿಗಳನ್ನು ಒಣಹಾಕಲು ಅವನಿಗೆ ಗಳ ಸಾಲಲಿಲ್ಲ. ಕಣ್ಣು ನನ್ನ ಮೇಲೆ ಬಿತ್ತು.

"ಭಾವಾರ, ಅದು ಕೂಸಿಂದ್ರಿ. ಮೇಡಂ ಒಂದಿನಾನೂ ಬಿಡಬ್ಯಾಡ ಅಂದಾರ," ಎಂದು ಕಸ್ತೂರಿ ಅಂಗಲಾಚಿದಳು.

"ನಿಲ್ಲೂ ಕೂಸಾದ್ರ ತಾನ ನಿಲ್ಲತೈತಿ. ಮದವಿ ಸೀರಿ ಮುಗೀಲಿ, ಕೊಡ್ತೀನಿ."

ಅಣ್ಣ ಹೇಳಿದನೆಂದು ಕಸ್ತೂರಿಯ ಗಂಡನೇ ನನ್ನನ್ನು ಹಿತ್ತಲಿಗೆ ಹೊತ್ತೊಯ್ದು ಇಟ್ಟ.

ಒಂದು ಮದುವೆ ಮುಗಿದು ಇನ್ನೊಂದು ಬಂತು, ಅದು ಮುಗಿದು ಮತ್ತೊಂದು. ಒಳಗೆ ನೀಲವ್ವ ನಾನು ಬೇಕೆಂದು ಅಳುವುದು ಹಿತ್ತಲಿಗೆ ಕೇಳುತ್ತಿತ್ತು. ಹಲ್ಲಿದ್ದರೆ ಕಡಿಯುತ್ತಿದ್ದೆ. ನನಗಿದ್ದದ್ದು ಬೋಲ್ಟುಗಳು. ಒದ್ದೆ ನೂಲಿನ ನೀರನ್ನೆಲ್ಲ ಅವಕ್ಕೆ ಕುಡಿಸಿ ತುಕ್ಕು ಹಿಡಿಸಿದೆ. ಒಂದು ದಿನ ಈರಸಂಗಪ್ಪ ಧಾರೆ ಸೀರೆಯ ಬಿಳಿ ರೇಷ್ಮೆಯನ್ನು ನನ್ನ ಮೇಲೆ ಹರವಿ ಹೋದ. ಒಂದು ಲಡಿಯನ್ನೂ ಬಿಡದೆ ತುಕ್ಕಿನ ಕಲೆ ಹತ್ತಿಸಿದೆ. ಅವನು ಬಾಯಿ ಬಡಿದುಕೊಂಡ, ನನ್ನನ್ನು ಬೀದಿಗೆಸೆದ. ಬಿದ್ದಲ್ಲೇ ನಕ್ಕೆ. ಸೇಡು ತೀರಿತು ಅಂದುಕೊಂಡೆ.

ತೀರಿರಲಿಲ್ಲ. ಅವನು ಆ ರೇಷ್ಮೆಗೆ ಕಪ್ಪು ಬಣ್ಣ ಹಾಕಿಸಿ ಬೇರೆ ಸೀರೆ ನೇಯ್ದು ಮಾರಿಕೊಂಡ. ಕಸ್ತೂರಿ ನನ್ನನ್ನು ಎತ್ತಿ ತಂದು ಮಗಳನ್ನು ನಿಲ್ಲಿಸಿದಾಗ ಆ ಹಿಮ್ಮಡಿಗಳು ನನ್ನನ್ನು ಮುಟ್ಟಲೇ ಇಲ್ಲ. ಮೇಡಂ ನೀವಿದರು, ಎಳೆದರು, ಬಿಗಿ ಬೂಟು ಹಾಕಿಸಿದರು. ಹುಡುಗಿಯ ಚೀರಾಟ ಕೇಳಲಾಗುತ್ತಿರಲಿಲ್ಲ. ವರ್ಷಗಳ ಮೇಲೆ ಅವಳು ನಡೆದಳು. ಬಲ ಹಿಮ್ಮಡಿ ಊರಿತು, ಎಡದ್ದು ಇಂದಿಗೂ ಊರಿಲ್ಲ.

ಈಗ ನನಗೆ ವಯಸ್ಸಾಗಿದೆ, ಪಟ್ಟಿಗಳು ಹರಿದಿವೆ. ಈಗ ದೊಡ್ಡವರಿಗೂ ಚಿಕಿತ್ಸೆ ಕೊಡುವ ಮೇಡಂ ಅವರ ಫಿಜಿಯೋಥೆರಪಿ ಕೇಂದ್ರದ ಮೂಲೆಯಲ್ಲಿ ಬಿದ್ದಿದ್ದೇನೆ. ಮೊನ್ನೆ ಹೈಸ್ಕೂಲು ಓದುವ ನೀಲವ್ವ ವ್ಯಾಯಾಮಕ್ಕೆ ಬಂದಿದ್ದಳು. ಹೆಗಲು ನೋವೆಂದು ದೊಡ್ಡಪ್ಪನೂ ಬಂದಿದ್ದ.

"ನಮ್ಮ ಹುಡುಗಿರಿ. ಆಕಿನ್ನ ನಡಸಾಕ ನಾವು ಪಟ್ಟ ಪಾಡು ದೇವರಿಗೇ ಗೊತ್ತು," ಎಂದು ಕೂತ ಜನರೆದುರು ಕೊಚ್ಚಿಕೊಂಡ. ನನಗೆ ಮೈಯೆಲ್ಲ ಉರಿಯಿತು.

ನೀಲವ್ವ ಕುಂಟುತ್ತ ಬಂದು ಅವನೆದುರು ನಿಂತು ಎಡಗಾಲು ಮುಂದೆ ಮಾಡಿದಳು.

"ನಡಸಿದ್ದು ನಮ್ಮವ್ವ, ದೊಡ್ಡಪ್ಪ. ನೀವು ಕೊಟ್ಟಿದ್ದು ಈ ಹಿಮ್ಮಡಿ."

ಅವನು ಹೆಗಲು ತೋರಿಸದೆಯೇ ಎದ್ದು ಹೋದ.

ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಿಬಿಡಬೇಕಂತೆ. ಆ ಹಿಮ್ಮಡಿ ನೆಲ ಮುಟ್ಟಲಿ, ಆಮೇಲೆ ನೋಡೋಣ.