ಮೊದಲು ನಕಲಿನ ಮೇಲೆ

"ಕನ್ನಡಕ ತೆಗೀಬ್ಯಾಡ!" ರಂಜನಾ ಮಗನ ಕೈ ಹಿಡಿದರು. ಅಪ್ಪನ ಕಿವಿಯಿಂದ ಬಿಡಿಸುತ್ತಿದ್ದ ಕಡ್ಡಿಯನ್ನು ಅತುಲ ಹಾಗೇ ಬಿಟ್ಟ.

ಹೊರಗೆ ವ್ಯಾನು ಬಂದು ನಿಂತಿತ್ತು. ಕಮಲಾಪುರದ ಹೊಲದಲ್ಲಿ ಚಿತೆಗೆ ಕಟ್ಟಿಗೆ ಒಟ್ಟಿಯಾಗಿತ್ತು.

"ವೈನಿ, ಅಲ್ಲಿ ಮಂದಿ ಕಾಯಲಿಕ್ಕತ್ತಾರ," ಎಂದ ಮೈದುನ ಗುರುಪ್ರಸಾದ.

"ಕಾಯಲಿ. ಇವರದೊಂದು ಕೆಲಸ ಬಾಕಿ ಅದ. ಅತುಲ, ಕಂಪ್ಯೂಟರ್ ಚಾಲೂ ಮಾಡು."

ಹೆಣವಿರುವಾಗ ಒಲೆ ಹಚ್ಚದ ಮನೆ ಅದು. ಕಂಪ್ಯೂಟರಿನ ಬಗ್ಗೆ ಶಾಸ್ತ್ರ ಏನು ಹೇಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಯಾರೂ ತಡೆಯಲಿಲ್ಲ.

* * *

ಅತುಲನ ಅಪ್ಪ ಪವಮಾನ ಮಾಸ್ತರರು ನಿವೃತ್ತಿಯಾದ ಮೇಲೆ ಇಡೀ ದಿನ ಕಂಪ್ಯೂಟರಿನ ಮುಂದೆ. ಪ್ರೋಗ್ರಾಮ್ ಬರೆಯುವ ಅಪರಿಚಿತರು ಒಂದು ವೆಬ್‌ಸೈಟಿನಲ್ಲಿ ಪ್ರಶ್ನೆ ಹಾಕುತ್ತಿದ್ದರು, ಇವರು ಉತ್ತರ ಬರೆಯುತ್ತಿದ್ದರು. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಪ್ರೋಗ್ರಾಮನ್ನು ತಾವೇ ಓಡಿಸಿ ನೋಡಿದ ಮೇಲೆ. ಪ್ರತಿ ಉತ್ತರದ ಕೊನೆಗೂ ಒಂದೇ ಸಾಲು: 'ಮೊದಲು ನಕಲಿನ ಮೇಲೆ ನೋಡಿ, ಆಮೇಲೆ ಅಸಲಿಗೆ ಕೈ ಹಚ್ಚಿ.' ಮನೆಯಲ್ಲೂ ಅದೇ ಚಾಳಿ. ಕೀಲಿಕೈ ಎಲ್ಲಿ ಎಂದು ರಂಜನಾ ಕೇಳಿದರೆ, "ಎಲ್ಲೆಲ್ಲಿ ಹುಡುಕೀದಿ, ಮೊದಲು ಹೇಳು," ಎನ್ನುವ ಮನುಷ್ಯ.

ನಿನ್ನೆ ಸಂಜೆ ದವಾಖಾನೆಗೆ ಹೊರಟ ಆಟೋ ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಸಿಕ್ಕಿಕೊಂಡಿತ್ತು. ಅವರು ಎದೆ ಹಿಡಿದುಕೊಂಡೇ ಹೇಳಿದ್ದರು: "ಮದಿಹಾ ಅಂತ ಒಬ್ಬಾಕಿಗೆ ಓಡಿಸಿ ನೋಡ್ದೇನ ಉತ್ತರ ಬರದೀನಿ. ತಪ್ಪದ. ಆಕಿ ಕೆಲಸ ಮಾಡೋ ದವಾಖಾನಿ ಪೇಶಂಟರ ಯಾದಿ ಪೂರಾ ಅಳಿಸಿ ಹೋಗ್ತದ. ತಡೀಬೇಕು, ರಂಜನಾ."

ದವಾಖಾನೆಯ ಓಡಾಟದಲ್ಲಿ ರಂಜನಾಗೆ ಅದು ಮರೆತೇ ಹೋಯಿತು. ಬೆಳಗ್ಗೆ ಕನ್ನಡಕಕ್ಕೆ ಮಗ ಕೈ ಹಾಕಿದಾಗ ನೆನಪಾಯಿತು.

* * *

'ಈ ಉತ್ತರ ಬಳಸಬೇಡಿ, ತಪ್ಪಿದೆ. ಬರೆದವರು ನಮ್ಮ ತಂದೆ, ತೀರಿಕೊಂಡರು,' ಎಂದು ಅತುಲ ಅಪ್ಪನ ಉತ್ತರದ ಕೆಳಗೆ ಬರೆದ. ವ್ಯಾನಿನವನು ಎರಡು ಸಲ ಇಣುಕಿ ಹೋದ. ರಂಜನಾ ಗಂಡನ ಪಾದದ ಮೇಲೆ ಕೈಯಿಟ್ಟು ಕೂತರು.

"ಬಂತು, ಆಯಿ!" ಅತುಲ ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿದ. "ಮದಿಹಾ ಬರದಾಳ. ನಿನ್ನೇನ ಓಡಿಸಿದ್ಳಂತ. ಎಲ್ಲಾ ಅಳಿಸಿ ಹೋತಂತ..."

ರಂಜನಾ ಕಣ್ಣು ಮುಚ್ಚಿದರು.

"...ಆದ್ರ ನಕಲಿನ ಮ್ಯಾಲಂತ! ಸರ್ ಹೇಳಿದ್ಹಂಗ ಮೊದಲ ನಕಲ ತಗದಿದ್ಳಂತ. ಅಸಲಿ ಯಾದಿ ಹಂಗೇ ಅದ."

ರಂಜನಾಗೆ ನಗು ಬಂತು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ. ಅದರ ಬೆನ್ನಿಗೇ ಬೆಳಗಿನಿಂದ ಬಾರದ ಅಳುವೂ ಬಂತು. ಜೀವ ಎಷ್ಟು ಹಗುರಾಯಿತು!

"ಕೇಳಿದ್ರೇನ್ರೀ? ಏನೂ ಆಗಿಲ್ಲಂತ," ಎಂದರು ಗಂಡನಿಗೆ.

ಆಮೇಲೆ ತಾವೇ ಕನ್ನಡಕ ತೆಗೆದರು. ಗಾಜನ್ನು ಸೆರಗಿನಿಂದ ಒರೆಸಿ, ಕಡ್ಡಿ ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಿದರು.